ದಾವಣಗೆರೆಯಲ್ಲಿದ್ದುಕೊಂಡೇ ಕಲೆ, ವಾಸ್ತುಶಿಲ್ಪದ ಉಪನ್ಯಾಸ ಹುಡುಕುವುದು ಹೇಗೆ?

ಗುಡಿ, ಶಿಲ್ಪ, ಕೋಟೆ ಬಗ್ಗೆ ಒಳ್ಳೆ ಉಪನ್ಯಾಸ ಕೇಳಬೇಕಂದ್ರೆ ಬೆಂಗಳೂರಿಗೇ ಹೋಗಬೇಕು ಅಂತ ನಮ್ಮೂರಲ್ಲಿ ತುಂಬ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಮೊದಲು ಹರಿಹರದ ಬಸ್ ಹತ್ತಿ.

ಉಪನ್ಯಾಸ ಬಿಟ್ಟು ಗುಡಿಯಿಂದ ಯಾಕೆ ಶುರು ಮಾಡ್ತಿದ್ದೇನೆ ಅಂದ್ರೆ, ಒಂದಾದರೂ ಕಟ್ಟಡವನ್ನು ನೀವು ಸರಿಯಾಗಿ ನೋಡಿರದಿದ್ದರೆ ಎಂಥ ದೊಡ್ಡ ವಿದ್ವಾಂಸರು ಮಾತಾಡಿದರೂ ಪರದೆ ಮೇಲೆ ಚಿತ್ರಗಳು ಸುಮ್ನೆ ಬಂದು ಹೋಗುತ್ತವೆ, ತಲೆಯಲ್ಲಿ ಏನೂ ಉಳಿಯುವುದಿಲ್ಲ. ಹರಿಹರೇಶ್ವರ ಗುಡಿಯನ್ನು 1224ರ ಹೊತ್ತಿಗೆ ಕಟ್ಟಿಸಿದವನು ಪೋಲಾಳ್ವ ದಂಡನಾಥ, ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ. ಕೈಮುಗಿದು ಹಾಗೇ ಬಂದುಬಿಡಬೇಡಿ. ಬೆಳಗಿನ ಬಿಸಿಲಿರುವಾಗ ಹೊರಗಿನ ಮಂಟಪದಲ್ಲಿ ಒಂದೇ ಒಂದು ಕಂಬದ ಮುಂದೆ ಅರ್ಧ ಗಂಟೆ ಕೂರಿ. ಕಂಬದ ಮೈಗೆ ಬಳೆ ತೊಡಿಸಿದ ಹಾಗೆ ಸುತ್ತಲೂ ಏಣುಗಳಿವೆ. ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಏಣಿನ ಕೆಳಗೂ ತೆಳ್ಳನೆ ನೆರಳಿನ ಗೆರೆ ಮೂಡುತ್ತದೆ. ಬಳಪದ ಕಲ್ಲು ಮೆದು, ಅದಕ್ಕೇ ಮರ ಕಡೆದ ಹಾಗೆ ಕಡೆಯಲು ಆಗಿದೆ. ಇನ್ನೊಂದು ದಿನ ಚಿತ್ರದುರ್ಗದ ಕೋಟೆಗೆ ಹೋಗಿ ಬಂಡೆಗಳನ್ನು ನೋಡಿ. ಅಲ್ಲಿ ಗಟ್ಟಿ ಗ್ರಾನೈಟು. ಸಾಲಾಗಿ ಸಣ್ಣ ಗುಳಿಗಳು ಕಾಣುತ್ತವಲ್ಲ, ಅವು ಬೆಣೆ ಬಡಿದು ಕಲ್ಲು ಸೀಳಿದ ಗುರುತು. ಎರಡನ್ನೂ ನೋಡಿದವರಿಗೆ ಕಲ್ಲು ಬದಲಾದರೆ ಕೆಲಸವೂ ಬದಲಾಗುತ್ತದೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಗುಡಿಯ ನಕ್ಷೆಯನ್ನು ಕೈಯಲ್ಲೇ ಬರೆಯಿರಿ, ಸೊಟ್ಟಗಾದರೂ ಪರವಾಗಿಲ್ಲ. ಮನೆಗೆ ಬಂದ ಮೇಲೆ ನಮ್ಮ ಶಾಸನಗಳನ್ನೆಲ್ಲ ಒಟ್ಟುಮಾಡಿ ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ 11ನೇ ಸಂಪುಟ ತೆಗೆಯಿರಿ. ಬಿ.ಎಲ್. ರೈಸ್ ಸಂಪಾದಿಸಿದ್ದು, ಹಳೇ ಚಿತ್ರದುರ್ಗ ಜಿಲ್ಲೆಯದು, ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹರಿಹರದ ಶಾಸನಗಳು ಅದರಲ್ಲಿ ದಾವಣಗೆರೆ ತಾಲೂಕಿನ ಕೆಳಗೆ ಇವೆ, ಹರಿಹರ ಅಂತ ಬೇರೆ ತಾಲೂಕು ಹುಡುಕಬೇಡಿ.

ಈಗ ಉಪನ್ಯಾಸದ ವಿಷಯ. ಮೂರು ತಾರೀಖು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ: ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ವಸ್ತುಸಂಗ್ರಹಾಲಯ ದಿನ, ನವೆಂಬರ್ 19ರಿಂದ 25 ಪರಂಪರೆ ಸಪ್ತಾಹ. ಕಾಲೇಜು, ವಸ್ತುಸಂಗ್ರಹಾಲಯಗಳಲ್ಲಿ ಕಾರ್ಯಕ್ರಮ ಇಡುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ಸುದ್ದಿ ಮಾತ್ರ ಎರಡು ಮೂರು ದಿನ ಮುಂಚೆ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ, ಕಣ್ಣು ತಪ್ಪಿದರೆ ಹೋಯಿತು. ಅದಕ್ಕೆ ವಾರ ಮೊದಲೇ ಚಿತ್ರದುರ್ಗದ ರಂಗಯ್ಯನ ಬಾಗಿಲಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೋ, ನಮ್ಮ ದೃಶ್ಯಕಲಾ ಮಹಾವಿದ್ಯಾಲಯಕ್ಕೋ ಹೋಗಿ ಕೇಳಿಬಿಡಿ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳನ್ನೂ ಬಿಡಬೇಡಿ, ಶಾಸನ, ಪಾಳೆಯಗಾರರು, ಕೋಟೆ ಇವೆಲ್ಲ ಅಲ್ಲಿ ಬರುತ್ತಿರುತ್ತವೆ. ಕಾಲೇಜಿನ ಕಾರ್ಯಕ್ರಮ ಅಂತ ಹಿಂಜರಿಯಬೇಡಿ. "ಸಾರ್, ನಾನು ಹೊರಗಿನವನು, ಹಿಂದೆ ಕೂತು ಕೇಳಬಹುದಾ?" ಅಂತ ಕೇಳಿದಾಗ ನನಗೆ ಇವತ್ತಿನವರೆಗೆ ಯಾರೂ ಬೇಡ ಅಂದಿಲ್ಲ.

ಬೆಂಗಳೂರಿನದ್ದೂ ಇದೆ. ಇತಿಹಾಸ, ಸಂಸ್ಕೃತಿಯ ಅಧ್ಯಯನಕ್ಕೆಂದೇ 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ, ಮತ್ತೆ ಉಪನ್ಯಾಸ, ಚರ್ಚೆಗಳು ನಡೆಯುವ ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್. ಎರಡನೆಯದರ ಎಷ್ಟೋ ಮಾತುಗಳು ಯೂಟ್ಯೂಬ್‌ನಲ್ಲೇ ಸಿಗುತ್ತವೆ. ಖುದ್ದಾಗಿ ಹೋಗುವುದಾದರೆ ಹಿಂದಿನ ದಿನ ಫೋನ್ ಮಾಡಿ. ಒಂದು ಸಲ ಬೆಳಗಿನ ರೈಲು ಹಿಡಿದು ಹೋದರೆ ಬಾಗಿಲಿಗೆ ಚೀಟಿ ಅಂಟಿಸಿದ್ದರು, ಮುಂದಕ್ಕೆ ಹಾಕಲಾಗಿದೆ ಅಂತ. ಇಡೀ ದಿನ ಹಾಳಾಯಿತು.

ಇದನ್ನೇ ಓದಬೇಕು, ಕೆಲಸ ಮಾಡಬೇಕು ಅನ್ನುವವರಿಗೆ: ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ, ಸಂಶೋಧನೆಯನ್ನು ಕನ್ನಡದಲ್ಲೇ ಮಾಡಬಹುದು. ಇತಿಹಾಸ ಅಥವಾ ಪುರಾತತ್ವದಲ್ಲಿ ಎಂಎ ಆದವರು ಕೇಂದ್ರ ಪುರಾತತ್ವ ಇಲಾಖೆ ಗ್ರೇಟರ್ ನೋಯ್ಡಾದಲ್ಲಿ ನಡೆಸುವ ಎರಡು ವರ್ಷದ ಪಿಜಿ ಡಿಪ್ಲೊಮಾಗೆ ಪ್ರವೇಶ ಪರೀಕ್ಷೆ ಬರೆಯಬಹುದು, ಸೀಟು ತೀರಾ ಕಡಿಮೆ, ವಯಸ್ಸಿನ ಮಿತಿಯೂ ಇದೆ, ಪ್ರಕಟಣೆ ಬಂದ ಕೂಡಲೇ ನೋಡಿಕೊಳ್ಳಿ. ಡಿಗ್ರಿ ಗೊಡವೆ ಬೇಡ, ಬರೆಯಬೇಕು ಅಷ್ಟೇ ಅನ್ನುವವರಿಗೆ ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನ ಒಳ್ಳೆ ಜಾಗ. ಅಲ್ಲಿ ಕನ್ನಡದಲ್ಲೇ ಪ್ರಬಂಧ ಓದುತ್ತಾರೆ. ದೊಡ್ಡ ವಿಷಯ ಹಿಡಿಯಬೇಡಿ. ನಿಮ್ಮೂರ ಕೆರೆ ಏರಿಯ ವೀರಗಲ್ಲು ಸಾಕು, ಆದರೆ ಅಳತೆ, ಫೋಟೋ, ಎಲ್ಲಿದೆ ಅನ್ನುವ ವಿವರ ಸರಿಯಾಗಿರಲಿ.

ಉಪನ್ಯಾಸ ಮುಗಿದ ಮೇಲೆ ಕಾಫಿಗೆ ಓಡಬೇಡಿ. ನೋಟ್‌ಬುಕ್ ತೆಗೆದುಕೊಂಡು ಮಾತಾಡಿದವರ ಹತ್ತಿರ ಹೋಗಿ, ನೀವು ಬರೆದ ಪುಟ ತೋರಿಸಿ, "ಇದು ಹೀಗ್ಯಾಕಿದೆ ಸಾರ್?" ಅಂತ ಕೇಳಿ. ಸಂತೇಬೆನ್ನೂರು ಪುಷ್ಕರಣಿಯ ನಡುವಿನ ಮಂಟಪವನ್ನು ನಾನು ಹೀಗೇ ಬರೆದುಕೊಂಡು ಹೋಗಿದ್ದೆ. ಆ ಹಿರಿಯರು ನನ್ನ ಪೆನ್ಸಿಲ್ ಇಸಿದುಕೊಂಡು, ನಾನು ತಪ್ಪು ಬರೆದಿದ್ದ ಕಮಾನನ್ನು ಪಕ್ಕದಲ್ಲೇ ಸರಿಯಾಗಿ ಬರೆದುಕೊಟ್ಟರು. ಆ ಪುಟ ಇನ್ನೂ ನನ್ನ ಹತ್ತಿರ ಇದೆ.