ಎಚ್‌ಆರ್‌ಟಿ ಬಿಟ್ಟ ಮೇಲೆ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲವೇ? ಮೊದಲು ರಾತ್ರಿಯನ್ನು ಸರಿಪಡಿಸಿ

ಮುಟ್ಟು ನಿಲ್ಲುವ ಕಾಲದ ತೊಂದರೆಗಳಿಗೆ ಕೊಡುವ ಹಾರ್ಮೋನ್ ಮಾತ್ರೆ (ಎಚ್‌ಆರ್‌ಟಿ) ನಿಲ್ಲಿಸಿ ಕೆಲವು ವಾರ ಕಳೆಯುವಷ್ಟರಲ್ಲಿ ಹಲವರಿಗೆ ಹೊಸ ತೊಂದರೆಯೊಂದು ಕಾಣಿಸಿಕೊಳ್ಳುತ್ತದೆ. ಓದಿದ ಪ್ಯಾರಾವನ್ನೇ ಮತ್ತೆ ಓದಬೇಕಾಗುತ್ತದೆ. ಲೆಕ್ಕ ಬರೆಯುತ್ತಾ ಕುಳಿತರೆ ಅರ್ಧದಲ್ಲೇ ಮನಸ್ಸು ಎಲ್ಲಿಗೋ ಹೋಗಿರುತ್ತದೆ. ಚೆನ್ನಾಗಿ ಗೊತ್ತಿರುವ ಹೆಸರು ನಾಲಿಗೆ ತುದಿಗೆ ಬಂದು ಅಲ್ಲೇ ನಿಲ್ಲುತ್ತದೆ. ಮರೆವಿನ ಕಾಯಿಲೆ ಶುರುವಾಯಿತೇನೋ ಎಂಬ ದಿಗಿಲು ಇದರ ಜೊತೆ ಸೇರಿಕೊಂಡರೆ ಗಮನ ಇನ್ನಷ್ಟು ಕದಡುತ್ತದೆ.

ಆಗುವುದೇನು ಅಂದರೆ, ಮಾತ್ರೆ ಬಿಟ್ಟ ಕೆಲವೇ ದಿನಗಳಲ್ಲಿ ರಕ್ತದಲ್ಲಿ ಈಸ್ಟ್ರೋಜನ್ ಇಳಿದುಹೋಗುತ್ತದೆ. ನೆನಪು, ಗಮನ, ಮೈಯ ಬಿಸಿ ಇವನ್ನು ನೋಡಿಕೊಳ್ಳುವ ಮೆದುಳಿನ ಭಾಗಗಳೆಲ್ಲ ಈ ಹಾರ್ಮೋನಿಗೆ ಸ್ಪಂದಿಸುವಂಥವು. ಎಚ್‌ಆರ್‌ಟಿ ನಿಲ್ಲಿಸಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೈ ಬಿಸಿಯೇರುವುದು, ಬೆವರುವುದು ಮರಳಿ ಬರುತ್ತದೆ. ರಾತ್ರಿ ನಾಲ್ಕು ಸಲ ಬೆವತು ಎದ್ದವರಿಗೆ ಬೆಳಿಗ್ಗೆ ಹತ್ತು ಗಂಟೆಯ ಕೆಲಸದಲ್ಲಿ ಮನಸ್ಸು ನಿಲ್ಲುವುದಾದರೂ ಹೇಗೆ? ಇನ್ನೊಂದು ಕಾರಣವನ್ನು ಬಹಳ ಜನ ಗಮನಿಸುವುದಿಲ್ಲ. ರಾತ್ರಿ ಮಲಗುವಾಗ ನುಂಗುತ್ತಿದ್ದ 100 ಅಥವಾ 200 ಮಿ.ಗ್ರಾಂ ಮೈಕ್ರೊನೈಸ್ಡ್ ಪ್ರೊಜೆಸ್ಟೆರಾನ್ ಎಂಬ ಎಚ್‌ಆರ್‌ಟಿಯ ಇನ್ನೊಂದು ಹಾರ್ಮೋನಿಗೆ ನಿದ್ದೆ ತರಿಸುವ ಗುಣವಿದೆ. ಅದೂ ನಿಂತಾಗ ನಿದ್ದೆಗೆ ಎರಡು ಕಡೆಯಿಂದ ಏಟು. ಆದ್ದರಿಂದ ಹಗಲಿನ ಗಮನ ಸುಧಾರಿಸುವ ಉಪಾಯಗಳಿಗೆ ಕೈ ಹಾಕುವ ಮೊದಲು ರಾತ್ರಿಯ ನಿದ್ದೆಯನ್ನು ನೋಡಬೇಕು.

ಎರಡು ವಾರ ಬರೆದಿಡಿ

ಹಾಸಿಗೆ ಪಕ್ಕ ಚಿಕ್ಕ ಪುಸ್ತಕವಿರಲಿ. ಬೆಳಿಗ್ಗೆ ಒಂದು ಸಾಲು, ಸಂಜೆ ಒಂದು ಸಾಲು ಸಾಕು. ಹೀಗೆ: ‘ಮಲಗಿದ್ದು 10.30. ಬೆವತು ಎಚ್ಚರ ಎರಡು ಸಲ, ಮೂತ್ರಕ್ಕೆ ಒಂದು ಸಲ. ಎದ್ದದ್ದು 6. ಕೊನೆಯ ಕಾಫಿ ಸಂಜೆ 5. ಚುರುಕಾಗಿದ್ದದ್ದು 9ರಿಂದ 11. ತಪ್ಪು: ಕರೆಂಟ್ ಬಿಲ್ ಎರಡು ಸಲ ಕಟ್ಟಿದ್ದು.’ ಹದಿನಾಲ್ಕು ದಿನದ ಸಾಲುಗಳನ್ನು ಒಟ್ಟಿಗೆ ನೋಡಿ. ಕೆಟ್ಟ ರಾತ್ರಿಯ ಮರುದಿನವೇ ತಪ್ಪುಗಳು ಹೆಚ್ಚಿದ್ದರೆ ದಾರಿ ಸ್ಪಷ್ಟ. ನಿದ್ದೆ ಚೆನ್ನಾಗಿದ್ದೂ ಗಮನ ಕೆಟ್ಟಿದ್ದರೆ ಕಾರಣ ಬೇರೆಡೆ ಇದೆ, ಅದನ್ನು ರಕ್ತಪರೀಕ್ಷೆಯಲ್ಲಿ ಹುಡುಕಬೇಕು.

ರಾತ್ರಿಗೆ ಮಾಡಬೇಕಾದ್ದು

ದಪ್ಪ ರಗ್ಗು ಒಂದರ ಬದಲು ತೆಳುವಾದ ಹತ್ತಿ ಹೊದಿಕೆ ಎರಡು ಇಟ್ಟುಕೊಳ್ಳಿ, ಬಿಸಿಯೇರಿದಾಗ ಒಂದನ್ನು ಸರಿಸಿದರಾಯಿತು. ಇನ್ನೊಂದು ಹತ್ತಿ ನೈಟಿ, ದಿಂಬಿನ ಕವರ್, ಒಂದು ಲೋಟ ನೀರು ಕೈಗೆಟುಕುವಲ್ಲಿರಲಿ, ಲೈಟ್ ಹಾಕಿ ಬೀರು ತಡಕಾಡುವ ಹೊತ್ತಿಗೆ ನಿದ್ದೆ ಪೂರ್ತಿ ಹಾರಿಹೋಗಿರುತ್ತದೆ. ಎಚ್ಚರವಾದಾಗ ಗಂಟೆ ನೋಡಬೇಡಿ, ಮೊಬೈಲ್ ಮುಟ್ಟಬೇಡಿ. ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ ಹೀಗೆ ಮಾಡಿ. ಬೆವರು ಇದರಿಂದ ನಿಲ್ಲುತ್ತದೆ ಎನ್ನಲಾಗದು, ಆದರೆ ಮತ್ತೆ ನಿದ್ದೆಗೆ ಜಾರಲು ನೆರವಾಗುತ್ತದೆ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ತೂಕಡಿಕೆ ಬಂದ ಮೇಲೆ ಮಲಗಿ.

ರಾತ್ರಿ ಎಷ್ಟೇ ಕೆಟ್ಟಿದ್ದರೂ ಏಳುವ ಹೊತ್ತು ಬದಲಾಗಬಾರದು. ಬಹಳ ಜನ ಎಡವುವುದು ಇಲ್ಲೇ. ಭಾನುವಾರ ಎಂಟೂವರೆಯವರೆಗೆ ಮಲಗಿ, ಆ ರಾತ್ರಿ ಹನ್ನೆರಡಾದರೂ ನಿದ್ದೆ ಬಾರದೆ ಸೋಮವಾರ ಹಾಳಾಗುತ್ತದೆ. ಮಧ್ಯಾಹ್ನ ಅಡ್ಡಾಗಲೇಬೇಕೆನಿಸಿದರೆ ಮೂರು ಗಂಟೆಯೊಳಗೆ, ಇಪ್ಪತ್ತು ನಿಮಿಷ, ಅಲಾರಂ ಇಟ್ಟು.

ಫಿಲ್ಟರ್ ಕಾಫಿ ಬಿಡಬೇಕಿಲ್ಲ, ಹೊತ್ತು ಬದಲಿಸಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಇಳಿಯಲು ಸುಮಾರು ಐದು ತಾಸು ಬೇಕು. ಸಂಜೆ ಐದರ ಕಾಫಿಯ ಅರ್ಧ ಪಾಲು ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಕೊನೆಯ ಲೋಟ ಮಧ್ಯಾಹ್ನ ಹನ್ನೆರಡರೊಳಗೆ ಮುಗಿಯಲಿ. ಒಮ್ಮೆಲೇ ನಿಲ್ಲಿಸಿದರೆ ಕೆಲವು ದಿನ ತಲೆನೋವು ಬರಬಹುದು, ಅದಕ್ಕೇ ವಾರಕ್ಕೆ ಒಂದು ಲೋಟದಂತೆ ಕಡಿಮೆ ಮಾಡಿ.

ಮೂತ್ರಕ್ಕೆ ಪದೇ ಪದೇ ಏಳುವುದು, ಉರಿ, ಯೋನಿ ಒಣಗುವುದು ಇದ್ದರೆ ಡಾಕ್ಟರಿಗೆ ಹೇಳಲು ಸಂಕೋಚಪಡಬೇಡಿ. ಮಾತ್ರೆ ನಿಲ್ಲಿಸಿದವರೂ ಸಾಮಾನ್ಯವಾಗಿ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮನ್ನು ಆ ಜಾಗಕ್ಕೆ ಮಾತ್ರ ಬಳಸಬಹುದು. ಸ್ತನ ಕ್ಯಾನ್ಸರ್ ಆಗಿದ್ದವರು ಕ್ಯಾನ್ಸರ್ ತಜ್ಞರನ್ನು ಕೇಳಿಯೇ ಹಚ್ಚಬೇಕು. ಗೊರಕೆ ಜೋರಾಗಿದ್ದು ಬೆಳಿಗ್ಗೆ ತಲೆ ಭಾರವಾಗಿದ್ದರೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ) ಇದೆಯೇ ನೋಡಿಸಿ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಅದು ಹೆಚ್ಚು.

ನಿದ್ದೆಗೆಂದು ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಆಲ್‌ಪ್ರಜೋಲಾಮ್ ಅರ್ಧ ಮಾತ್ರೆ ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ಮರುದಿನ ಗಮನ ಮತ್ತು ನೆನಪನ್ನು ಅದು ಇನ್ನಷ್ಟು ಮಂಕಾಗಿಸುತ್ತದೆ, ಬಿಡುವುದೂ ಕಷ್ಟವಾಗುತ್ತದೆ. ಶೀತದ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್, ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್ ಕೂಡ ಗಮನ ತಗ್ಗಿಸುತ್ತವೆ. ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ.

ಥೈರಾಯ್ಡ್ ಮಾತ್ರೆ ನುಂಗುವವರು ಇದನ್ನು ತಪ್ಪದೆ ಓದಿ

ಬಾಯಿಂದ ನುಂಗುವ ಈಸ್ಟ್ರೋಜನ್, ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನನ್ನು ಹೆಚ್ಚಿಸುತ್ತದೆ. ಅದನ್ನು ಸರಿದೂಗಿಸಲು ನಿಮ್ಮ ಥೈರಾಕ್ಸಿನ್ ಡೋಸನ್ನು, ಉದಾಹರಣೆಗೆ, 75ರಿಂದ 100 ಮೈಕ್ರೋಗ್ರಾಂಗೆ ಏರಿಸಿರಬಹುದು. ಈಗ ಈಸ್ಟ್ರೋಜನ್ ನಿಂತಿದೆ, ಆದರೆ 100 ಮುಂದುವರಿದಿದೆ. ಆ ಡೋಸ್ ಅಗತ್ಯಕ್ಕಿಂತ ಹೆಚ್ಚಾಗಿಬಿಟ್ಟು ಎದೆ ಡವಡವ, ಕೈ ನಡುಕ, ಬೆವರು, ನಿದ್ದೆಗೇಡು, ಚಂಚಲತೆ ಎಲ್ಲ ಬರಬಹುದು. ನೋಡಲು ಥೇಟ್ ಮುಟ್ಟು ನಿಂತ ಲಕ್ಷಣಗಳೇ. ಎಚ್‌ಆರ್‌ಟಿ ಬಿಟ್ಟ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಜೆಲ್ ಅಥವಾ ಪ್ಯಾಚ್ ಬಳಸುತ್ತಿದ್ದವರಿಗೆ ಈ ತೊಡಕು ಸಾಮಾನ್ಯವಾಗಿ ಇರುವುದಿಲ್ಲ.

ಅದೇ ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ಸಂಗ್ರಹ), ಬಿ12, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆ ಸರಾಸರಿ) ನೋಡಿಸಿದರೆ ಇನ್ನೊಮ್ಮೆ ಅಲೆಯುವುದು ತಪ್ಪುತ್ತದೆ. ಸಸ್ಯಾಹಾರಿಗಳು ಮತ್ತು ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವವರಲ್ಲಿ ಬಿ12 ಕೊರತೆ ಸಾಮಾನ್ಯ; ಅದೊಂದೇ ಸಾಕು ತಲೆ ಮಂಕಾಗಲು.

ಹಗಲಿನ ಕೆಲಸ

ಪುಸ್ತಕದಲ್ಲಿ ಗುರುತಿಸಿದ ನಿಮ್ಮ ಚುರುಕಿನ ಎರಡು ತಾಸನ್ನು ಲೆಕ್ಕ, ವರದಿ, ಪಾಠದ ತಯಾರಿಯಂಥ ತಲೆ ಬೇಡುವ ಕೆಲಸಕ್ಕೆ ಮೀಸಲಿಡಿ. 25 ನಿಮಿಷ ಕೆಲಸ, 5 ನಿಮಿಷ ಎದ್ದು ಓಡಾಟ. 25 ಹೆಚ್ಚೆನಿಸಿದರೆ 15ರಿಂದ ಆರಂಭಿಸಿ. ಫೋನ್ ಸೈಲೆಂಟ್ ಮಾಡಿ ಮೇಜಿನ ಮೇಲಿಟ್ಟರೆ ಸಾಲದು, ಪಕ್ಕದ ಕೋಣೆಯಲ್ಲಿರಲಿ.

ನಡುವೆ ಯಾರಾದರೂ ಕರೆದರೆ ಏಳುವ ಮುನ್ನ ಮುಂದಿನ ಹೆಜ್ಜೆಯನ್ನು ಚೀಟಿಯಲ್ಲಿ ಬರೆದೇ ಏಳಿ. ‘ವರದಿ ಬಾಕಿ’ ಎಂದಲ್ಲ, ‘ಮಾರ್ಚ್ ಕಾಲಂ, 14ನೇ ಸಾಲಿನಿಂದ ಕೂಡಿಸಬೇಕು’ ಎಂದು. ಮರಳಿ ಬಂದಾಗ ಎಲ್ಲಿದ್ದೆ ಎಂದು ಹುಡುಕುವುದರಲ್ಲೇ ಗಮನ ಅತಿ ಹೆಚ್ಚು ಸೋರಿಹೋಗುತ್ತದೆ, ಈ ಚೀಟಿ ಅದನ್ನು ತಡೆಯುತ್ತದೆ.

ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಎಣಿಸುವುದನ್ನು ನೆನಪಿಗೆ ಬಿಡಬೇಡಿ. ಮೊದಲ ಸೀಟಿ ಬಂದೊಡನೆ ಮೊಬೈಲ್ ಟೈಮರ್ ಒತ್ತಿ. ಗ್ಯಾಸ್ ನಂದಿಸಿದಾಗ ‘ಗ್ಯಾಸ್ ಆಫ್ ಮಾಡಿದೆ’ ಎಂದು ಬಾಯಿಬಿಟ್ಟು ಹೇಳಿ; ಕೈ ತಾನಾಗಿ ಮಾಡಿದ ಕೆಲಸಕ್ಕಿಂತ ಕಿವಿಗೆ ಬಿದ್ದ ಮಾತು ನೆನಪಿನಲ್ಲಿ ಉಳಿಯುತ್ತದೆ. ಮಾತ್ರೆಗಳಿಗೆ ಏಳು ಮನೆಯ ಡಬ್ಬಿ ತನ್ನಿ, ಬಿಪಿ ಮಾತ್ರೆ ಎರಡು ಸಲ ನುಂಗುವ ಅಪಾಯ ತಪ್ಪುತ್ತದೆ. ಫೋನಿನಲ್ಲಿ ಮಾತನಾಡುತ್ತಾ ಯುಪಿಐ ಪಾವತಿ ಮಾಡುವುದು, ಒಟಿಪಿ ನೋಡುವುದು ಬೇಡವೇ ಬೇಡ. ಹಿಂದಿನ ರಾತ್ರಿ ನಿದ್ದೆ ಪೂರ್ತಿ ಕೆಟ್ಟಿದ್ದರೆ ಆ ದಿನ ಸ್ಕೂಟರ್ ಬಿಟ್ಟು ಬಸ್ ಹಿಡಿಯಿರಿ.

ಮಧ್ಯಾಹ್ನ ಅನ್ನವೇ ಹೆಚ್ಚಾದ ಊಟದ ನಂತರ ಜೋಂಪು ಹತ್ತುತ್ತಿದ್ದರೆ ಅನ್ನ ಅರ್ಧಕ್ಕಿಳಿಸಿ, ಆ ಜಾಗಕ್ಕೆ ಹೆಸರುಕಾಳಿನ ಉಸಲಿ, ಮೊಸರು ಅಥವಾ ಮೊಟ್ಟೆ ಬರಲಿ. ವಾರಕ್ಕೆ ಐದು ದಿನ ಅರ್ಧ ತಾಸು ಬಿರುಸಿನ ನಡಿಗೆ, ಎರಡು ದಿನ ಕೈಕಾಲಿಗೆ ಬಲ ಕೊಡುವ ವ್ಯಾಯಾಮ. ಬೆಳಿಗ್ಗೆ ಬಿಸಿಲಲ್ಲಿ ನಡೆದರೆ ರಾತ್ರಿಯ ನಿದ್ದೆಗೂ ಒಳ್ಳೆಯದು. ಒಂದೆಲಗದ ಚಟ್ನಿ ಊಟದಲ್ಲಿ ಧಾರಾಳವಾಗಿರಲಿ, ಆದರೆ ‘ಮೆಮರಿ’ ಕ್ಯಾಪ್ಸೂಲ್‌ಗಳಿಗೆ ದುಡ್ಡು ಸುರಿಯಬೇಡಿ. ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇರುವವರಿಗೆ ಗಿಂಕೊ ಎಂಬ ಗಿಡಮೂಲಿಕೆ ಬೆರೆತ ಕ್ಯಾಪ್ಸೂಲ್ ರಕ್ತಸ್ರಾವ ತರಬಹುದು.

ಡಾಕ್ಟರ ಬಳಿ

ನಾಲ್ಕರಿಂದ ಆರು ವಾರ ಇಷ್ಟೆಲ್ಲ ಮಾಡಿಯೂ ರಾತ್ರಿಯ ಬೆವರು ನಿಲ್ಲದಿದ್ದರೆ ಹಾರ್ಮೋನ್ ಅಲ್ಲದ ಔಷಧಿಗಳಿವೆ: ವೆನ್ಲಾಫ್ಯಾಕ್ಸಿನ್, ರಾತ್ರಿ ಹೊತ್ತಿನ ಗ್ಯಾಬಾಪೆಂಟಿನ್ ಇತ್ಯಾದಿ. ಗ್ಯಾಬಾಪೆಂಟಿನ್‌ನಿಂದ ಬೆಳಿಗ್ಗೆಯೂ ಮಂಪರು ಉಳಿದರೆ ಡೋಸ್ ಬದಲಿಸಲು ಹೇಳಿ. ಸ್ತನ ಕ್ಯಾನ್ಸರ್‌ಗೆ ಟ್ಯಾಮಾಕ್ಸಿಫೆನ್ ನುಂಗುವವರಿಗೆ ಇದೇ ಬಗೆಯ ಇನ್ನೊಂದು ಔಷಧಿ ಪ್ಯಾರಾಕ್ಸೆಟಿನ್ ಹೊಂದದು, ಟ್ಯಾಮಾಕ್ಸಿಫೆನ್ ಕೆಲಸಕ್ಕೆ ಅದು ಅಡ್ಡ ಬರುತ್ತದೆ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಬಿಸಿಯೇರಿಕೆಯ ಕಾಟಕ್ಕೂ ನಿದ್ದೆಗೂ ನೆರವಾಗುತ್ತದೆ. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ಅಳು ಬರುತ್ತದೆ ಎಂದಾದರೆ ಅದು ಖಿನ್ನತೆಯಿರಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು.

ಮಾತು ತೊದಲುವುದು, ಒಂದು ಕೈ ಸೋಲುವುದು, ಗಂಟೆಗಳಲ್ಲಿ ಗಲಿಬಿಲಿ ಏರುವುದು ಕಂಡರೆ ಕಾಯದೆ 108ಕ್ಕೆ ಕರೆ ಮಾಡಿ. ಪರಿಚಿತ ದಾರಿ ತಪ್ಪುವುದು, ನೋಟು ಎಣಿಸಲಾಗದಿರುವುದು, ನಿಮಗಿಂತ ಮನೆಯವರೇ ಹೆಚ್ಚು ಗಾಬರಿಯಾಗಿರುವುದು ಇದ್ದರೆ ನರರೋಗ ತಜ್ಞರನ್ನು ಕಾಣಬೇಕು. ಹಾರ್ಮೋನ್ ಇಳಿದಾಗಿನ ಮರೆವಿನಲ್ಲಿ ಮರೆತದ್ದು ಸ್ವಲ್ಪ ಹೊತ್ತಿಗೆ ತಾನೇ ನೆನಪಾಗುವುದು ಸಾಮಾನ್ಯ.

ಮತ್ತೆ ಎಚ್‌ಆರ್‌ಟಿ ಶುರು ಮಾಡಬಹುದೇ? ಯಾಕೆ ನಿಲ್ಲಿಸಿದಿರಿ ಎಂಬುದರ ಮೇಲೆ ಹೋಗುತ್ತದೆ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ, ಪಾರ್ಶ್ವವಾಯು ಕಾರಣವಾಗಿದ್ದರೆ ಸಾಮಾನ್ಯವಾಗಿ ಇಲ್ಲ. ವರ್ಷಗಳಾದವು, ಸಾಕು ಎಂದು ಬಿಟ್ಟಿದ್ದರೆ ಕಡಿಮೆ ಡೋಸ್‌ನ ಜೆಲ್ ಬಗ್ಗೆ ಕೇಳಬಹುದು. ನೆನಪಿನ ಶಕ್ತಿ ಉಳಿಸಿಕೊಳ್ಳಲೆಂದೇ ಶುರು ಮಾಡುವುದು ಸರಿಯಲ್ಲ: ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 65 ದಾಟಿದ ಮೇಲೆ ಎರಡೂ ಹಾರ್ಮೋನ್ ಕೂಡಿದ ಮಾತ್ರೆ ಆರಂಭಿಸಿದವರಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಹೆಚ್ಚಿತು. ಅಂಡಾಶಯಗಳನ್ನು 45ರೊಳಗೆ ತೆಗೆಸಿದವರ ಮಾತು ಬೇರೆ. ಅವರು ಸಾಮಾನ್ಯವಾಗಿ 50ರ ಆಸುಪಾಸಿನವರೆಗೂ ಹಾರ್ಮೋನ್ ತೆಗೆದುಕೊಳ್ಳಬೇಕಾಗುತ್ತದೆ, ಹೆದರಿ ಬಿಟ್ಟಿದ್ದರೆ ಈ ವಾರವೇ ಡಾಕ್ಟರನ್ನು ಕಾಣಿ. ಯಾರೇ ಆದರೂ ಮನೆಯಲ್ಲಿ ಉಳಿದ ಹಳೆಯ ಈಸ್ಟ್ರೋಜನ್ ಮಾತ್ರೆಯನ್ನು ತಾವೇ ನುಂಗಬಾರದು. ಗರ್ಭಕೋಶ ಇದ್ದು ಪ್ರೊಜೆಸ್ಟೆರಾನ್ ಇಲ್ಲದೆ ಅದನ್ನೊಂದೇ ನುಂಗಿದರೆ ಗರ್ಭಕೋಶದ ಒಳಪದರ ದಪ್ಪಗಾಗಿ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ.