ಚಪ್ಪಾಳೆಯ ವರದಿಗಳು: ವಾಡ್‌ವಿಲ್ ಮ್ಯಾನೇಜರುಗಳ ಹಾಳೆಗಳನ್ನು ನಾನು ಓದುವ ಬಗೆ

ಸೋಮವಾರ ಮಧ್ಯಾಹ್ನದ ಪ್ರದರ್ಶನ ಮುಗಿಯಿತೆಂದರೆ ಬಾಸ್ಟನ್, ಫಿಲಡೆಲ್ಫಿಯಾ, ಪ್ರಾವಿಡೆನ್ಸ್ ನಗರಗಳಲ್ಲಿದ್ದ, ಬಿ. ಎಫ್. ಕೀತ್ ಎಂಬ ಉದ್ಯಮಿಯ ರಂಗಮಂದಿರಗಳಲ್ಲಿ ಮ್ಯಾನೇಜರುಗಳ ಬರವಣಿಗೆ ಶುರುವಾಗುತ್ತಿತ್ತು. ಆ ವಾರಕ್ಕೆಂದು ಬಂದಿಳಿದ ಗಾಯಕಿ, ಕಸರತ್ತಿನ ಜೋಡಿ, ನಾಯಿಗಳನ್ನು ಕುಣಿಸುವವನು, ಜಾದೂಗಾರ, ಕಿರುನಾಟಕದ ತಂಡ, ಹೀಗೆ ಒಬ್ಬೊಬ್ಬರ ಐಟಂ ಹೇಗಿತ್ತು, ಎಷ್ಟು ನಿಮಿಷ ನಡೆಯಿತು, ಜನ ಹೇಗೆ ಸ್ವೀಕರಿಸಿದರು ಎಂದು ಟೈಪು ಮಾಡಿ ಕೇಂದ್ರ ಕಚೇರಿಗೆ ಕಳುಹಿಸಬೇಕಿತ್ತು. ಮುಂದೆ ಅದೇ ಕಲಾವಿದರು ಹೋಗಲಿದ್ದ ಊರುಗಳ ಮ್ಯಾನೇಜರುಗಳೂ ಅದನ್ನು ಓದುತ್ತಿದ್ದರು. ಒಂದಕ್ಕೊಂದು ಸಂಬಂಧವಿಲ್ಲದ ಎಂಟೊಂಬತ್ತು ಐಟಂಗಳನ್ನು ಒಂದೇ ಟಿಕೆಟ್ಟಿಗೆ ತೋರಿಸುತ್ತಿದ್ದ ವಾಡ್‌ವಿಲ್ ಅಮೆರಿಕದ ಜನಪ್ರಿಯ ಮನರಂಜನೆಯಾಗಿದ್ದ ಕಾಲವದು. 1902ರಿಂದ ಸುಮಾರು ಎರಡು ದಶಕಗಳ ಇಂಥ ವರದಿಗಳು ಅಯೋವಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಕೀತ್–ಆಲ್ಬಿ ಸಂಗ್ರಹ ಎಂಬ ಹೆಸರಿನಲ್ಲಿ ಉಳಿದುಕೊಂಡಿವೆ.

ಕನ್ನಡದ ಕಂಪನಿ ನಾಟಕಗಳ ಪ್ರೇಕ್ಷಕರ ಬಗ್ಗೆ ಕೆಲಸ ಮಾಡಿದ ಮೇಲೆ ನಾನು ಈ ಹಾಳೆಗಳ ಕಡೆ ತಿರುಗಿದೆ. ನಮ್ಮಲ್ಲಿ ಯಾವ ಹಾಡಿಗೆ ಎಷ್ಟು ಬಾರಿ ‘ಒನ್ಸ್ ಮೋರ್’ ಬಿತ್ತು ಎಂಬ ಕಥೆಗಳಿಗೆ ಬರವಿಲ್ಲ. ಆದರೆ ನನ್ನ ಕೈಗೆ ಸಿಕ್ಕಿದ್ದೆಲ್ಲ ಹೆಚ್ಚಾಗಿ ವರ್ಷಗಳ ನಂತರ ನಟರು ಹೇಳಿಕೊಂಡ ನೆನಪುಗಳು. ಸಭೆಯಲ್ಲಿ ಕುಳಿತು ನೋಡಿದವನೊಬ್ಬ ಅದೇ ವಾರ ಬರೆದಿಟ್ಟ ಕಾಗದ ಸಿಗುವುದೆಂದರೆ ರಂಗಭೂಮಿಯ ಇತಿಹಾಸ ಹುಡುಕುವವರಿಗೆ ಅದಕ್ಕಿಂತ ದೊಡ್ಡ ಭಾಗ್ಯವಿಲ್ಲ.

ಈ ಭಾಗ್ಯವನ್ನು ಬಳಸಿಕೊಳ್ಳುವುದಕ್ಕೆ ಒಂದು ಕ್ರಮ ಬೇಕು. ವರದಿಯಲ್ಲಿ ಕಾಣುವ ಹೊಗಳಿಕೆ, ತೆಗಳಿಕೆಗಳನ್ನು ನಾನು ಮೊದಲ ಓದಿನಲ್ಲಿ ಬದಿಗಿಡುತ್ತೇನೆ. ‘ಚೆನ್ನಾಗಿ ಹೋಯಿತು’, ‘ಸಾಧಾರಣ’, ‘ಭಾರೀ ಯಶಸ್ಸು’ ಎಂಬಂಥ ಮಾತುಗಳು ಬರೆದವನ ಅಭಿರುಚಿಯನ್ನು ಹೇಳುತ್ತವೆಯೇ ಹೊರತು ಸಭೆಯನ್ನಲ್ಲ. ಮೊದಲು ಪ್ರೇಕ್ಷಕರು ದೇಹದಿಂದ ಏನು ಮಾಡಿದರು ಎಂಬುದನ್ನು ಹುಡುಕುತ್ತೇನೆ. ನಕ್ಕದ್ದು ಎಲ್ಲಿ, ಚಪ್ಪಾಳೆ ಬಿದ್ದದ್ದು ಮಧ್ಯದಲ್ಲೋ ಕೊನೆಯಲ್ಲೋ, ಎದ್ದು ಹೋದರೋ, ಮತ್ತೆ ಕರೆದರೋ? ಆಮೇಲೆ ನಿಮಿಷಗಳು. ಒಂದೇ ಐಟಂ ಊರಿಂದ ಊರಿಗೆ ಹೋದಂತೆ ಕುಗ್ಗುತ್ತಿದ್ದರೆ ಯಾರೋ ಕತ್ತರಿ ಹಾಕಿದ್ದಾರೆ ಎಂದರ್ಥ. ಏನನ್ನು ಕತ್ತರಿಸಿದರು ಎಂದು ಹಿಂದೆ ಮುಂದೆ ಹುಡುಕಿದರೆ ಎಷ್ಟೋ ಸಲ ಕಾರಣ ಸಿಗುತ್ತದೆ.

ಹಾಳೆಯ ಮೇಲೆ ಐಟಂನ ಹೆಸರಿನೊಂದಿಗೆ ಬರುವ ಇನ್ನೊಂದು ವಿವರ, ವೇದಿಕೆಯ ಎಷ್ಟು ಭಾಗ ಬಳಸಿದರು ಎಂಬುದು. ಮುಂಪರದೆಗೂ ದೀಪಗಳ ಸಾಲಿಗೂ ನಡುವಿನ ಕಿರಿದಾದ ಜಾಗವನ್ನು ಅವರು ‘ಒನ್’ ಎಂದು ಕರೆಯುತ್ತಿದ್ದರು. ಹಾಸ್ಯಜೋಡಿ ಅಲ್ಲಿ ನಿಂತು ಮಾತನಾಡುತ್ತಿರುವಾಗ ಹಿಂದೆ ಮುಂದಿನ ಐಟಂನ ಸಾಮಾನು ಜೋಡಿಸುತ್ತಿದ್ದರು. ನಮ್ಮ ಕಂಪನಿ ನಾಟಕಗಳಲ್ಲಿ ಬೀದಿಯ ಪರದೆ ಇಳಿಸಿ ಹಾಸ್ಯಪಾತ್ರಗಳನ್ನು ಮುಂದೆ ಬಿಟ್ಟು, ಹಿಂದೆ ಅರಮನೆಯ ಸೀನು ಕಟ್ಟುತ್ತಿದ್ದರಲ್ಲ, ಅದೇ ಜಾಣ್ಮೆ. ಹೀಗಾಗಿ ‘ಒನ್’ನಲ್ಲಿ ಆಡುವವರಿಗೆ ಹಿಂದಿನ ಸುತ್ತಿಗೆಯ ಸದ್ದನ್ನೂ ಮೀರಿ ಜನರನ್ನು ಹಿಡಿದಿಡುವ ಹೊರೆ ಇತ್ತು. ಅಲ್ಲಿ ಬಂದ ನಗುವಿಗೆ ನಾನು ತುಸು ಹೆಚ್ಚೇ ಬೆಲೆ ಕೊಡುತ್ತೇನೆ.

ಪಟ್ಟಿಯಲ್ಲಿ ಎಷ್ಟನೆಯ ಸ್ಥಾನ ಎಂಬುದನ್ನು ನೋಡದೆ ಯಾವ ತೀರ್ಪನ್ನೂ ನಂಬಬಾರದು. ಮೊದಲ ಐಟಂ ಸಾಮಾನ್ಯವಾಗಿ ಮಾತಿಲ್ಲದ್ದು: ಕಸರತ್ತು, ಪ್ರಾಣಿಗಳು, ಸೈಕಲ್ ಸಾಹಸ. ಜನ ಇನ್ನೂ ಕುರ್ಚಿ ಹುಡುಕುತ್ತಿರುತ್ತಾರೆ, ಮಾತಾಡಿದರೆ ಯಾರಿಗೂ ಕೇಳಿಸುವುದಿಲ್ಲ. ಅತಿ ದೊಡ್ಡ ಹೆಸರು ಕೊನೆಗಿಂತ ಒಂದು ಸ್ಥಾನ ಮುಂಚೆ. ಕೊನೆಯದು ಮತ್ತೆ ಕಣ್ಣಿಗೆ ಹಬ್ಬವಾಗುವ, ಮಾತು ಬೇಡದ ಐಟಂ, ಏಕೆಂದರೆ ಅರ್ಧ ಸಭೆ ಕೋಟು ಹಾಕಿಕೊಳ್ಳುತ್ತಿರುತ್ತದೆ. ಮೊದಲ ಸ್ಥಾನದ ಕಸರತ್ತಿನವರಿಗೆ ಚಪ್ಪಾಳೆ ಕಡಿಮೆ ಬಿತ್ತೆಂದು ಅವರನ್ನು ಕಳಪೆ ಎನ್ನುವುದು ಅನ್ಯಾಯ. ಅದೇ ಜೋಡಿಯನ್ನು ಬೇರೊಂದು ಊರಿನಲ್ಲಿ ಮೂರನೆಯದಾಗಿ ಹಾಕಿದ್ದಾರೆಯೇ, ಅಲ್ಲಿ ಏನಾಯಿತು ಎಂದು ನೋಡಿದ ಮೇಲೆಯೇ ನಾನು ಏನಾದರೂ ಬರೆಯುವುದು.

ಸೋಮವಾರ ಮಧ್ಯಾಹ್ನವೆಂಬುದೇ ಒಂದು ತೊಡಕು. ಬೆಳಿಗ್ಗೆ ರೈಲಿಳಿದು, ಗುರುತಿಲ್ಲದ ವಾದ್ಯಗಾರರೊಂದಿಗೆ ಒಂದಷ್ಟು ತಾಲೀಮು ಮುಗಿಸಿ, ಸಾಮಾನು ಬಂತೋ ಇಲ್ಲವೋ ಎಂಬ ಆತಂಕದಲ್ಲೇ ವೇದಿಕೆ ಹತ್ತಿದ ಕಲಾವಿದರಿವರು. ಮಧ್ಯಾಹ್ನದ ಸಭೆ ಬೇರೆ, ರಾತ್ರಿಯ ಸಭೆ ಬೇರೆ. ಆದ್ದರಿಂದ ಆ ವಾರದ ಪತ್ರಿಕಾ ವಿಮರ್ಶೆಗಳನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ. 1905ರಲ್ಲಿ ಶುರುವಾದ, ಮನರಂಜನಾ ಲೋಕದ ‘ವೆರೈಟಿ’ ವಾರಪತ್ರಿಕೆ ಇದಕ್ಕೆ ಬಹಳ ನೆರವಾಗುತ್ತದೆ.

ಇನ್ನು ಚಪ್ಪಾಳೆ. ಎಲ್ಲ ಚಪ್ಪಾಳೆಯೂ ತಾನಾಗಿ ಹುಟ್ಟಿದ್ದಲ್ಲ. ಹಾಡಿನ ಪ್ರಕಾಶಕರು ತಮ್ಮ ಹಾಡು ಮಾರಾಟವಾಗಲೆಂದು ಹುಡುಗರನ್ನು ಸಭೆಯಲ್ಲಿ ಕೂರಿಸುತ್ತಿದ್ದರು. ವೇದಿಕೆಯ ಗಾಯಕಿ ಪಲ್ಲವಿ ಮುಗಿಸುತ್ತಿದ್ದಂತೆ ಬಾಲ್ಕನಿಯಿಂದ ಹುಡುಗನೊಬ್ಬ ಎದ್ದು, ಮೈಮರೆತವನಂತೆ ಅದನ್ನೇ ಹಾಡುತ್ತಿದ್ದ. ಮುಂದೆ ಮಹಾನ್ ಗೀತರಚನಕಾರನಾದ ಅರ್ವಿಂಗ್ ಬರ್ಲಿನ್ ಹದಿಹರೆಯದಲ್ಲಿ ನ್ಯೂಯಾರ್ಕಿನ ಟೋನಿ ಪಾಸ್ಟರ್ ರಂಗಮಂದಿರದಲ್ಲಿ ಹ್ಯಾರಿ ವಾನ್ ಟಿಲ್ಜರ್ ಎಂಬ ಪ್ರಕಾಶಕನಿಗಾಗಿ ಇದೇ ಕೂಲಿ ಮಾಡಿದವನು. ಚಪ್ಪಾಳೆ ಇಳಿಯುತ್ತಿದ್ದರೂ ಮತ್ತೊಮ್ಮೆ ಓಡಿಬಂದು ನಮಸ್ಕರಿಸಿ, ಇನ್ನಷ್ಟು ಚಪ್ಪಾಳೆ ಕಿತ್ತುಕೊಳ್ಳುವ ಕಲಾವಿದರೂ ಇದ್ದರು. ಹೀಗಾಗಿ ಎಷ್ಟು ಸಲ ನಮಸ್ಕರಿಸಿದರು ಎಂಬುದು ನನ್ನ ಲೆಕ್ಕದಲ್ಲಿ ಹಗುರವಾದ ಸಾಕ್ಷ್ಯ.

ಮೌನಕ್ಕೆ ಅದಕ್ಕಿಂತ ತೂಕವಿದೆ. ಬಂಧನಗಳಿಂದ ಬಿಡಿಸಿಕೊಳ್ಳುವುದಕ್ಕೆ ಹೆಸರಾದ ಜಾದೂಗಾರ ಹೂಡಿನಿ, ಬೀಗ ಹಾಕಿದ ದೊಡ್ಡ ಹಾಲಿನ ಕ್ಯಾನಿನಿಂದ ಹೊರಬರುವ ಆಟವನ್ನು 1908ರಲ್ಲಿ ಶುರುಮಾಡಿದ, ಅದನ್ನೇ ನೋಡಿ. ನೀರು ತುಂಬಿದ ಕ್ಯಾನಿನೊಳಗೆ ಇಳಿಯುವ ಮೊದಲು, ತನ್ನೊಂದಿಗೆ ಉಸಿರು ಹಿಡಿಯುವಂತೆ ಸಭೆಯನ್ನು ಕೇಳುತ್ತಿದ್ದ. ಒಬ್ಬೊಬ್ಬರಾಗಿ ಉಸಿರು ಬಿಟ್ಟು ಏದುಸಿರು ಹಾಕುತ್ತಿರುವಾಗ ಅವನಿನ್ನೂ ನೀರಿನಲ್ಲೇ ಇರುತ್ತಿದ್ದ. ಮುಚ್ಚಳಕ್ಕೆ ಬೀಗ ಬಿದ್ದು ಸುತ್ತಲೂ ಪರದೆ ಎಳೆದ ಮೇಲೆ ವೇದಿಕೆಯ ಮೇಲೆ ನೋಡುವುದಕ್ಕೆ ಏನೂ ಇಲ್ಲ. ಆದರೂ ಜನ ಕದಲುತ್ತಿರಲಿಲ್ಲ. ಚಪ್ಪಾಳೆಯನ್ನಷ್ಟೇ ಎಣಿಸುವವರ ಲೆಕ್ಕಕ್ಕೆ ಈ ಆಟದ ಅತ್ಯುತ್ತಮ ನಿಮಿಷಗಳು ಬರುವುದೇ ಇಲ್ಲ.

ಸಭೆಯನ್ನು ಅತ್ಯಂತ ಚೆನ್ನಾಗಿ ಓದುತ್ತಿದ್ದವರು ಕಲಾವಿದರೇ ಎಂಬುದು ನನ್ನ ದೃಢ ನಂಬಿಕೆ. ಮುಂದೆ ಮೂಕಿ ಚಿತ್ರಗಳ ಹಾಸ್ಯನಟನಾದ ಬಸ್ಟರ್ ಕೀಟನ್ ಇನ್ನೂ ಪುಟ್ಟ ಬಾಲಕನಾಗಿದ್ದಾಗ ಅಪ್ಪ ಅವನನ್ನು ವೇದಿಕೆಯ ತುಂಬ ಎತ್ತಿ ಎಸೆಯುವುದೇ ಆ ಕುಟುಂಬದ ಐಟಂ. ತಾನು ಬಿದ್ದು ಎದ್ದು ನಕ್ಕರೆ ಜನ ನಗುವುದು ಕಡಿಮೆ, ಮುಖ ಗಂಭೀರವಾಗಿಟ್ಟರೆ ಹೆಚ್ಚು ಎಂಬುದನ್ನು ಆ ಮಗು ಕಂಡುಕೊಂಡಿತು. ಸಿನಿಮಾದಲ್ಲಿ ಜಗತ್ತೇ ನೋಡಿದ ಆ ಕಲ್ಲುಮುಖ ರೂಪುಗೊಂಡದ್ದು ಈ ಸಭೆಗಳ ಮುಂದೆ.

ವರದಿಗಳಲ್ಲಿ ನನಗೆ ನೋವು ತರುವ ಭಾಗವೂ ಇದೆ. ‘ನಮ್ಮ ಪ್ರೇಕ್ಷಕರಿಗೆ ಇದು ಹಿಡಿಸುವುದಿಲ್ಲ’ ಎಂಬ ವಾಕ್ಯದ ಹಿಂದೆ ಯಾವ ಪ್ರೇಕ್ಷಕರು ಎಂದು ಪ್ರತಿ ಬಾರಿಯೂ ಕೇಳಿಕೊಳ್ಳುತ್ತೇನೆ. ಕೀತ್ ಸಂಸ್ಥೆಗೆ ‘ಭಾನುವಾರದ ಪಾಠಶಾಲೆಯ ಸರ್ಕ್ಯೂಟ್’ ಎಂಬ ಅಡ್ಡಹೆಸರಿತ್ತು (ಸರ್ಕ್ಯೂಟ್ ಎಂದರೆ ಕಲಾವಿದರು ಒಂದಾದ ಮೇಲೊಂದರಂತೆ ಸುತ್ತುವ ರಂಗಮಂದಿರಗಳ ಸರಣಿ). ಮನೆಯ ಹೆಣ್ಣುಮಕ್ಕಳು ನಿಸ್ಸಂಕೋಚವಾಗಿ ಬರಬೇಕೆಂದು ಒರಟು ಮಾತು, ಅಶ್ಲೀಲದ ಸುಳಿವು ಎರಡನ್ನೂ ಕಿತ್ತುಹಾಕುತ್ತಿದ್ದರು. ಅದೇ ವೇದಿಕೆಯಲ್ಲಿ ಕಪ್ಪು ಜನರನ್ನು ಅಣಕಿಸುವ, ಮುಖಕ್ಕೆ ಮಸಿ ಬಳಿದ ಹಾಸ್ಯ ಸರಾಗವಾಗಿ ನಡೆಯುತ್ತಿತ್ತು. ಬರ್ಟ್ ವಿಲಿಯಮ್ಸ್‌ನಂಥ ಅಪ್ರತಿಮ ಕಪ್ಪು ಕಲಾವಿದನೂ ಮುಖಕ್ಕೆ ಮಸಿ ಹಚ್ಚಿಕೊಂಡೇ ಬರಬೇಕಾಯಿತು. ಅನೇಕ ರಂಗಮಂದಿರಗಳಲ್ಲಿ ಕಪ್ಪು ಪ್ರೇಕ್ಷಕರಿಗೆ ಮೇಲಿನ ಗ್ಯಾಲರಿಯೇ ಗತಿ. ಕೆಳಗಿನ ಸೀಟುಗಳ ನಗುವನ್ನು ‘ಪ್ರೇಕ್ಷಕರ ನಗು’ ಎಂದು ನಾವೂ ನಕಲು ಮಾಡಿಕೊಂಡರೆ ಅಂದಿನ ಅನ್ಯಾಯವನ್ನು ಇಂದು ಮುಂದುವರಿಸಿದಂತೆ.

ಮೆಚ್ಚುಗೆ ಎಷ್ಟು ಬೇಗ ತಿರುಗಿಬೀಳಬಹುದು ಎಂಬುದಕ್ಕೆ ರಸೆಲ್ ಸಹೋದರರು ಸಾಕ್ಷಿ. ಇಬ್ಬರು ಗಂಡಸರು ಐರಿಷ್ ಮನೆಗೆಲಸದ ಹೆಣ್ಣುಗಳಾಗಿ ವೇಷ ಹಾಕುತ್ತಿದ್ದ ಅವರ ಹಾಸ್ಯಕ್ಕೆ ಎಷ್ಟೋ ವರ್ಷ ಜನ ನಕ್ಕಿದ್ದರು. 1907ರಲ್ಲಿ ನ್ಯೂಯಾರ್ಕಿನ ಐರಿಷ್ ಸಂಘಟನೆಗಳು ಇದು ನಮ್ಮ ಹೆಣ್ಣುಮಕ್ಕಳಿಗೆ ಮಾಡುವ ಅವಮಾನವೆಂದು ರಂಗಮಂದಿರದೊಳಗೇ ಕೂಗಿ ಪ್ರತಿಭಟಿಸಿದವು. ಇಂಥ ತಿರುವುಗಳ ಬೇರು ಮ್ಯಾನೇಜರುಗಳ ಹಾಳೆಯಲ್ಲಿ ಸಿಗುವುದಿಲ್ಲ. ಆ ಸಮುದಾಯದ ಪತ್ರಿಕೆಗಳನ್ನೇ ತೆರೆಯಬೇಕು.

ಮ್ಯಾನೇಜರನ ಸ್ಥಿತಿಯನ್ನೂ ಮರೆಯುವಂತಿಲ್ಲ. ಐಟಂಗಳನ್ನು ಆರಿಸಿ ಕಳುಹಿಸುತ್ತಿದ್ದುದು ಅವನಲ್ಲ, ನ್ಯೂಯಾರ್ಕಿನ ಕಚೇರಿ. ಗಲ್ಲಾಪೆಟ್ಟಿಗೆ ಖಾಲಿಯಾದರೆ ಉತ್ತರ ಹೇಳಬೇಕಾದವನು ಮಾತ್ರ ಅವನು. ಹೀಗಿರುವಾಗ ಸಂಬಳ ಹೆಚ್ಚಾಗಿರುವ ಕಲಾವಿದರ ಮೇಲೆ ಅವನ ಕಣ್ಣು ಕೆಂಪಾಗುವುದು ಸಹಜ. ತನ್ನ ಬಗ್ಗೆ ಏನು ಬರೆದಿದ್ದಾರೆಂದು ತಿಳಿಯುವ, ಉತ್ತರಿಸುವ ಅವಕಾಶ ಕಲಾವಿದನಿಗೆ ಇರಲಿಲ್ಲ. ಅವನ ಮುಂದಿನ ವಾರಗಳ ಅನ್ನ ಮಾತ್ರ ಆ ನಾಲ್ಕು ಸಾಲುಗಳಲ್ಲಿತ್ತು.

ಈಗ ನಾನು ಪಟ್ಟಿಯ ಕೊನೆಯಲ್ಲಿ ಬರುವ ಚಲನಚಿತ್ರಗಳ ಟಿಪ್ಪಣಿಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳುತ್ತಿದ್ದೇನೆ. ಸಿನಿಮಾದ ಆದ್ಯರಲ್ಲೊಬ್ಬರಾದ ಫ್ರಾನ್ಸಿನ ಲೂಮಿಯೇರ್ ಸಹೋದರರ ಚಿತ್ರಗಳು ನ್ಯೂಯಾರ್ಕಿನಲ್ಲಿದ್ದ ಕೀತ್‌ನ ಯೂನಿಯನ್ ಸ್ಕ್ವೇರ್ ರಂಗಮಂದಿರಕ್ಕೆ ಬಂದದ್ದು 1896ರ ಜೂನ್ 29ರಂದು. ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ಅವು ತೆರೆಕಂಡ ಜುಲೈ 7ಕ್ಕೆ ಕೇವಲ ಎಂಟು ದಿನ ಮೊದಲು. ವರದಿಗಳಲ್ಲಿ ಮ್ಯಾನೇಜರುಗಳು ಈ ಪುಟ್ಟ ರೀಲುಗಳಿಗೂ, ಕಸರತ್ತಿನವರಿಗೆ ಕೊಟ್ಟಂತೆ, ಒಂದೊಂದಕ್ಕೂ ಬೇರೆಬೇರೆ ತೀರ್ಪು ಕೊಟ್ಟಿದ್ದಾರೆ. ಸಿನಿಮಾ ಪ್ರೇಕ್ಷಕರ ಬಗ್ಗೆ ಕೆಲಸ ಮಾಡುವ ಕನ್ನಡಿಗರು ಯಾರಾದರೂ ಇದ್ದರೆ ಆ ಸಾಲುಗಳಿಂದಲೇ ಆರಂಭಿಸಬಹುದು.