ಕುಡಿ ಚಿವುಟುವುದು, ಕಡ್ಡಿ ನೆಡುವುದು: ಎರಡರಲ್ಲೂ ಆಕ್ಸಿನ್‌ದೇ ಕೆಲಸ

ನಿಮ್ಮ ದಾಸವಾಳ ಕೋಲಿನ ಹಾಗೆ ಮೇಲಕ್ಕೇ ಹೋಗುತ್ತಿದೆಯಾ? ಕುಡಿ ಚಿವುಟಿ. ಕುಡಿಯಲ್ಲಿ ಆಕ್ಸಿನ್ ಅನ್ನೋ ಹಾರ್ಮೋನು ತಯಾರಾಗಿ ಕಾಂಡದೊಳಗೆ ಕೆಳಗಿಳಿಯುತ್ತದೆ, ಪಕ್ಕದ ಕಣ್ಣುಗಳು ಚಿಗುರದ ಹಾಗೆ ತಡೆದಿರುತ್ತದೆ. ಕುಡಿ ಹೋದರೆ ಆ ತಡೆಯೂ ಹೋಯಿತು. ಒಂದೆರಡು ವಾರದಲ್ಲಿ ಎಲೆಗಳ ಬುಡದಿಂದ ಕೊಂಬೆ ಹೊರಡುತ್ತವೆ, ದಾಸವಾಳ ಹೊಸ ಚಿಗುರಲ್ಲೇ ಹೂ ಬಿಡೋದರಿಂದ ಕೊಂಬೆ ಜಾಸ್ತಿಯಾದರೆ ಹೂವೂ ಜಾಸ್ತಿ. ಸೇವಂತಿಗೆಗೂ ಹೀಗೇ ಮಾಡಿ.

ಕತ್ತರಿಸಿದ ಕಡ್ಡಿಗೆ ಬೇರು ಬರಿಸೋದೂ ಇದೇ ಆಕ್ಸಿನ್. ಪೆನ್ಸಿಲ್ ದಪ್ಪದ ಕಡ್ಡಿ ಆರಿಸಿ, ತೀರಾ ಎಳೆಯದು ಬೇಡ. ಆರು ಇಂಚು ಸಾಕು. ಕೆಳಗಡೆ ಗೆಣ್ಣಿನ ಹತ್ತಿರವೇ ಓರೆಯಾಗಿ, ಮೇಲ್ಗಡೆ ನೇರವಾಗಿ ಕತ್ತರಿಸಿ. ಆಗ ತಲೆ ಯಾವುದು, ಬುಡ ಯಾವುದು ಅಂತ ಗುರುತು ಸಿಗುತ್ತದೆ, ಯಾಕೆಂದರೆ ಆಕ್ಸಿನ್ ಹರಿಯೋದು ಬುಡದ ಕಡೆಗೆ, ಬೇರು ಒಡೆಯೋದೂ ಅಲ್ಲೇ. ಮೇಲಿನ ಎರಡು ಎಲೆ ಉಳಿಸಿ, ಅವನ್ನೂ ಅರ್ಧಕ್ಕೆ ಕತ್ತರಿಸಿ.

ಬೇರು ಬರಿಸುವ ಪುಡಿಯಲ್ಲಿ ಸಾಮಾನ್ಯವಾಗಿ ಇರೋದು ಐಬಿಎ, ಅದೂ ಆಕ್ಸಿನ್ ಜಾತಿಯದೇ. ಸ್ವಲ್ಪ ಪುಡಿ ಕಾಗದದ ಮೇಲೆ ಹಾಕಿಕೊಳ್ಳಿ, ಒದ್ದೆ ಕಡ್ಡಿಯನ್ನು ಡಬ್ಬಿಗೇ ಅದ್ದಿದರೆ ಉಳಿದದ್ದೆಲ್ಲ ಹಾಳು. ಬುಡಕ್ಕೆ ಪುಡಿ ಹತ್ತಿದ ಮೇಲೆ ಹೆಚ್ಚಿದ್ದನ್ನು ಕೊಡವಿ. ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಮೊದಲು ಒಂದು ತೂತು ಮಾಡಿ ಆಮೇಲೆ ಇಳಿಸಿ, ಸುಮ್ನೆ ಚುಚ್ಚಿದರೆ ಪುಡಿ ಉಜ್ಜಿಹೋಗುತ್ತದೆ. ನೆರಳಲ್ಲಿಡಿ, ತೇವ ಆರದಿರಲಿ.

ಒಂದು ತಿಂಗಳಾದರೂ ಕಾಯಿರಿ. ನಾನು ಒಮ್ಮೆ ಹದಿನೈದನೇ ದಿನ ಕಿತ್ತು ನೋಡಿದ್ದೆ. ಬುಡದಲ್ಲಿ ಬಿಳಿ ಗಂಟು ಕಟ್ಟಿತ್ತು, ಅದರ ಪಕ್ಕ ದಾರದಂಥ ಒಂದೇ ಬೇರು, ಅದೂ ಮುರಿದು ಕೈಗೆ ಬಂತು. ತುಂಬಾ ಬೇಜಾರಾಯಿತು.

ಇನ್ನು ಮೆಣಸಿನ ಗಿಡದ ಹೂ ಉದುರದಿರಲಿ ಅಂತ ಹೊಡೆಯೋ ಎನ್‌ಎಎ, ಇದೂ ಆಕ್ಸಿನ್ ಜಾತಿಯದೇ. ಇದರಲ್ಲಿ ಅಳತೆಯೇ ಎಲ್ಲ. ಎನ್‌ಎಎ 4.5% ಇರೋ ಔಷಧಿ 1 ಮಿ.ಲೀ. ತಗೊಂಡು 4.5 ಲೀಟರ್ ನೀರಿಗೆ ಹಾಕಿದರೆ 10 ಪಿಪಿಎಂ ಆಗುತ್ತದೆ, ಅಂದರೆ ಲೀಟರಿಗೆ ಬರೀ 10 ಮಿಲಿಗ್ರಾಂ. ಮುಚ್ಚಳದಲ್ಲಿ ಅಂದಾಜಿಗೆ ಸುರಿಯಬೇಡಿ, ಸಿರಿಂಜಿನಲ್ಲಿ ಅಳೆಯಿರಿ. ಎಷ್ಟು ಹಾಕಬೇಕು ಅಂತ ಬಾಟಲಿ ಮೇಲೇ ಬರೆದಿರುತ್ತದೆ, ಅದನ್ನು ಮೀರಬೇಡಿ. ಜಾಸ್ತಿಯಾದರೆ ಇದೇ ಹೂ ಉದುರಿಸಬಹುದು. ಅಗಲ ಎಲೆಯ ಕಳೆ ಸಾಯಿಸುವ 2,4-ಡಿ ಕೂಡ ಆಕ್ಸಿನ್ ಹಾಗೇ ಕೆಲಸ ಮಾಡೋದು. ಅದನ್ನು ಹೊಡೆದ ಪಂಪನ್ನು ಮೆಣಸು, ಟೊಮೆಟೊ, ಹತ್ತಿಗೆ ಮುಟ್ಟಿಸಲೇಬೇಡಿ. ಒಳಗೆ ಅಂಟಿದ ಸ್ವಲ್ಪವೇ ಸಾಕು, ಎಲೆಗಳು ಮುರುಟಿಕೊಳ್ಳುತ್ತವೆ.